ನಾಯಿ ನಿದ್ದೆ: ಹೈನುಗಾರರು ಗಮನಿಸಬೇಕಾದ ಸಂಗತಿಗಳು



ಹಸು ಮೆಲುಕು ಹಾಕುವುದನ್ನು ನಿಲ್ಲಿಸಿದರೆ ಅದೇ ದಿನ ಸಂಜೆಯೊಳಗೆ ನಮಗೆ ಗೊತ್ತಾಗುತ್ತದೆ. ಕರು ಹಾಕಿದ ಮರುದಿನ ರಾಸು ಕತ್ತನ್ನು ಪಕ್ಕೆಗೆ ತಿರುಗಿಸಿಕೊಂಡು ಮಂಕಾಗಿ ಮಲಗಿದರೆ ಹಾಲು ಜ್ವರವಿರಬಹುದೆಂದು ಪಶುವೈದ್ಯರಿಗೆ ಹೇಳಿಕಳಿಸುತ್ತೇವೆ. ರಾಸು ಹೇಗೆ ಮಲಗಿದೆ, ಹೇಗೆ ಎದ್ದಿತು ಎಂಬುದನ್ನು ನೋಡಿಯೇ ಅದರ ಆರೋಗ್ಯವನ್ನು ಅರ್ಧ ತಿಳಿಯುವ ಅನುಭವ ನಿಮ್ಮಲ್ಲಿದೆ. ಆದರೆ ಅದೇ ಕೊಟ್ಟಿಗೆಯ ಬಾಗಿಲಲ್ಲಿ ಮಲಗುವ ನಾಯಿಯನ್ನು ಆ ಕಣ್ಣಿನಿಂದ ನೋಡುವವರು ಕಡಿಮೆ. "ನಾಯಿ ಅಲ್ವೇ ಸಾರ್, ಎಲ್ಲೋ ಬಿದ್ದಿರುತ್ತೆ" ಎಂಬುದೇ ಹೆಚ್ಚಿನವರ ಮಾತು.

ನಾಯಿ ಎಲ್ಲಿ ಮಲಗುತ್ತದೆ ಮತ್ತು ಹೇಗೆ ಮಲಗುತ್ತದೆ ಎಂಬ ಎರಡು ವಿಷಯಗಳು ನಿಮ್ಮ ಹಸುಗಳಿಗೂ, ನಿಮ್ಮ ಮನೆಯವರ ಪ್ರಾಣಕ್ಕೂ ಸಂಬಂಧಿಸಿದವು. ಆದ್ದರಿಂದ ಈ ಸಂಚಿಕೆಯಲ್ಲಿ ಹಸುವನ್ನು ಬಿಟ್ಟು ನಾಯಿಯ ನಿದ್ದೆಯ ಬಗ್ಗೆ ನಾಲ್ಕು ಮಾತು.

ಊರ ನಾಯಿ, ಬಡಾವಣೆಯ ನಾಯಿ

ಬಿ.ಟಿ.ಎಂ. ಬಡಾವಣೆ ಎಂಬ ಹೆಸರಿನಲ್ಲೇ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳಿವೆ ಎಂಬುದು ನಮ್ಮ ಹಿರಿಯ ಸದಸ್ಯರಿಗೆ ಗೊತ್ತು. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದ ಮೇಲೆ ಯಡಿಯೂರು, ಸಾರಕ್ಕಿ, ಜರಗನಹಳ್ಳಿ, ಕತ್ತರಿಗುಪ್ಪೆ ಮುಂತಾದ ಊರುಗಳು ಒಂದೊಂದಾಗಿ ಬಡಾವಣೆಗಳ ನಡುವೆ ಸೇರಿಕೊಂಡವು. ರಾಗಿ ಹೊಲವಿದ್ದ ಕಡೆ ಜೆ.ಪಿ. ನಗರ, ಬನಶಂಕರಿಯ ಮನೆಗಳು ಎದ್ದವು. ಈ ಊರುಗಳ ಹಳೆಯ ಬೀದಿಗಳಲ್ಲಿ ಈಗಲೂ ಅಲ್ಲಲ್ಲಿ ಹಸು ಕಟ್ಟುವವರಿದ್ದಾರೆ. ಕನಕಪುರ ರಸ್ತೆ, ಬನ್ನೇರುಘಟ್ಟ ರಸ್ತೆಯ ಆಚೆಗಿನ ಸದಸ್ಯರ ಹಾಲು ಬೆಳಗಾಗುವುದರೊಳಗೆ ಇದೇ ಬಡಾವಣೆಗಳ ಬೂತುಗಳನ್ನು ತಲುಪುತ್ತದೆ.

ಈ ಭಾಗದಲ್ಲಿ ಒಂದೇ ರಸ್ತೆಯಲ್ಲಿ ಎರಡು ಬಗೆಯ ನಾಯಿ ಜೀವನವನ್ನು ಕಾಣಬಹುದು. ಜಯನಗರದ ಮಹಡಿ ಮನೆಯ ನಾಯಿಯ ಯಜಮಾನರು ಬೆಳಿಗ್ಗೆ ಕಚೇರಿಗೆ ಹೋದರೆ ಬರುವುದು ಸಂಜೆಗೆ. ಅಲ್ಲಿಯವರೆಗೆ ಅದಕ್ಕೆ ಬೇರೆ ಕೆಲಸವಿಲ್ಲ, ಮಲಗುತ್ತದೆ. ಯಜಮಾನರು ಮಲಗುವ ಹೊತ್ತಿಗೆ ಅದಕ್ಕೆ ಆಟ ಬೇಕಾಗುತ್ತದೆ. ನಮ್ಮ ಹೈನುಗಾರರ ನಾಯಿಯಾದರೋ ಬೆಳಗಿನ ಜಾವ ನಾಲ್ಕೂವರೆಗೆ ಕ್ಯಾನಿನ ಸದ್ದಿಗೆ ಎದ್ದು, ಯಜಮಾನನ ಹಿಂದೆ ಸಂಘದವರೆಗೆ ಹೋಗಿ, ಹಾಲಳೆದು ಮುಗಿಯುವವರೆಗೂ ಅಲ್ಲೇ ಕುಳಿತಿದ್ದು ಮನೆಗೆ ಬಂದು ಬಿಸಿಲು ಕಾಯಿಸುತ್ತಾ ಮಲಗುತ್ತದೆ. ಸಂಜೆಯ ಹಾಲಿಗೆ ಮತ್ತೆ ಏಳುತ್ತದೆ. ಗಡಿಯಾರ ನೋಡದೆ ಹಾಲು ಕರೆಯುವ ಹೊತ್ತನ್ನು ಅದು ಹೇಗೆ ತಿಳಿಯುತ್ತದೋ! ಮನೆಯವರ ದಿನಚರಿಗೆ ತಕ್ಕಂತೆ ತನ್ನ ನಿದ್ದೆಯನ್ನು ಹೊಂದಿಸಿಕೊಳ್ಳುವುದು ನಾಯಿಯ ದೊಡ್ಡ ಗುಣ.

ಬೀದಿ ನಾಯಿಗಳದ್ದು ಇನ್ನೊಂದು ಲೆಕ್ಕ. ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ 2023ರಲ್ಲಿ ನಡೆಸಿದ ಸಮೀಕ್ಷೆಯಂತೆ ನಗರದಲ್ಲಿ ಸುಮಾರು 2.79 ಲಕ್ಷ ಬೀದಿ ನಾಯಿಗಳಿದ್ದವು. ಇವು ಹಗಲು ವಾಹನಗಳ ಅಡಿ, ಅಂಗಡಿಗಳ ಮೆಟ್ಟಿಲು, ಮರಳಿನ ರಾಶಿಯ ಮೇಲೆ ಮಲಗಿ, ಸಂಚಾರ ಕಡಿಮೆಯಾದ ರಾತ್ರಿಯಲ್ಲಿ ಓಡಾಡುತ್ತವೆ. ರಾತ್ರಿ ನಿಮ್ಮ ಮನೆಯ ನಾಯಿ ಬೊಗಳುವುದು ಹೆಚ್ಚಾಗಿ ಇವುಗಳನ್ನು ಕಂಡೇ. ನಗರದವರು ಸಾಕಲಾರದ ನಾಯಿಯನ್ನು ಊರಾಚೆ ತಂದು ಬಿಟ್ಟು ಹೋಗುವುದೂ ಉಂಟು. ಅಂಥ ನಾಯಿ ನಿಮ್ಮ ಮನೆ ಸೇರಿದರೆ ಮೊದಲು ಮಾಡಬೇಕಾದ ಕೆಲಸ ಲಸಿಕೆ ಹಾಕಿಸುವುದು. ಅದು ಹಿಂದೆ ಲಸಿಕೆ ಪಡೆದಿತ್ತೇ ಇಲ್ಲವೇ ಎಂದು ಅದನ್ನು ಕೇಳಲಾಗದು.

ನಾಯಿ ನಿದ್ದೆ ಎಂದರೇನು?

ವಿದ್ಯಾರ್ಥಿಗೆ ಇರಬೇಕಾದ ಐದು ಲಕ್ಷಣಗಳಲ್ಲಿ ಶ್ವಾನನಿದ್ರೆಯೂ ಒಂದೆಂದು ಹಿರಿಯರು ಹೇಳುತ್ತಿದ್ದರು. ತಟ್ಟನೆ ಎಚ್ಚರಾಗುವ ನಿದ್ದೆ ಎಂದು ಅದರ ಅರ್ಥ. ಈ ಮಾತು ವಿಜ್ಞಾನದ ಪರೀಕ್ಷೆಯಲ್ಲೂ ನಿಂತಿದೆ. ಆಡಮ್ಸ್ ಮತ್ತು ಜಾನ್ಸನ್ ಎಂಬ ಸಂಶೋಧಕರು ಆಸ್ಟ್ರೇಲಿಯಾದಲ್ಲಿ ಸಾಕುನಾಯಿಗಳ ರಾತ್ರಿಯ ನಿದ್ದೆಯನ್ನು ಅಭ್ಯಸಿಸಿ 1993ರಲ್ಲಿ ಪ್ರಕಟಿಸಿದರು. ನಾಯಿ ಸರಾಸರಿ 16 ನಿಮಿಷ ಮಲಗಿ 5 ನಿಮಿಷ ಎಚ್ಚರವಿರುತ್ತದೆ, ಮತ್ತೆ ಮಲಗುತ್ತದೆ. ಎಂಟು ಗಂಟೆಯ ಒಂದು ರಾತ್ರಿಯಲ್ಲಿ ಹೀಗೆ ಸುಮಾರು 23 ಸಾರಿ ಆಗುತ್ತದೆ. ಮನುಷ್ಯರಾದ ನಾವು ಒಂದೇ ಗಂಟಿನಲ್ಲಿ ಮಾಡುವ ನಿದ್ದೆಯನ್ನು ಅದು ಚಿಲ್ಲರೆ ಮಾಡಿ ಖರ್ಚು ಮಾಡುತ್ತದೆ ಎನ್ನಬಹುದು.

ಹೀಗೆ ಚೂರುಚೂರಾದ ನಿದ್ದೆಯಾದ್ದರಿಂದ ಅದಕ್ಕೆ ಹಗಲೂ ಮಲಗಬೇಕಾಗುತ್ತದೆ. ಬೆಳೆದ ನಾಯಿ ದಿನದ 24 ಗಂಟೆಗಳಲ್ಲಿ ಸುಮಾರು 10ರಿಂದ 14 ಗಂಟೆ ಮಲಗುತ್ತದೆ. ಮರಿಗಳು 18ರಿಂದ 20 ಗಂಟೆಯವರೆಗೂ ಮಲಗಬಹುದು; ಅವು ಬೆಳೆಯುವುದೇ ನಿದ್ದೆಯಲ್ಲಿ. ಆಡಿ ದಣಿದ ಮರಿ ಇದ್ದಲ್ಲೇ ಉರುಳಿಬಿದ್ದು ಮಲಗಿದರೆ ಗಾಬರಿ ಬೇಡ. ಮಕ್ಕಳು ಅದನ್ನು ಎತ್ತಿ ಎಬ್ಬಿಸಿ ಆಡಿಸದಂತೆ ನೋಡಿಕೊಳ್ಳಿ. ವಯಸ್ಸಾದ ನಾಯಿ ಹೆಚ್ಚು ಮಲಗುವುದೂ ಸಹಜವೇ.

ಹಸುವಿನ ಜೊತೆ ಹೋಲಿಸಿ ನೋಡಿ. ಹಸು ದಿನಕ್ಕೆ ಹತ್ತು ಹನ್ನೆರಡು ಗಂಟೆ ಮಲಗಿದಂತೆ ಕಂಡರೂ ಅದು ನಿಜವಾಗಿ ನಿದ್ದೆ ಮಾಡುವುದು ಸುಮಾರು 4 ಗಂಟೆ ಮಾತ್ರ. ಉಳಿದ ಹೊತ್ತು ಅರೆಗಣ್ಣು ಮುಚ್ಚಿ ಮೆಲುಕು ಹಾಕುತ್ತಿರುತ್ತದೆ. ಆದರೂ ಆ ಮಲಗುವಿಕೆ ಅಮೂಲ್ಯ. ಮಲಗಿದಾಗ ಕೆಚ್ಚಲಿಗೆ ರಕ್ತ ಸಂಚಾರ ಹೆಚ್ಚುತ್ತದೆ, ಕಾಲುಗಳಿಗೆ ವಿಶ್ರಾಂತಿ ಸಿಗುತ್ತದೆ. ಕೊಟ್ಟಿಗೆಯ ಒಳಗೇ ನಾಯಿಯನ್ನು ಕಟ್ಟಿ, ಅದು ರಾತ್ರಿಯೆಲ್ಲಾ ಬೊಗಳಿ, ಹಸುಗಳು ಬೆದರಿ ಎದ್ದು ನಿಂತರೆ ನಷ್ಟ ಯಾರಿಗೆ? ಕಾವಲಿಗೆ ನಾಯಿ ಕೊಟ್ಟಿಗೆಯ ಹೊರಗೆ, ಬಾಗಿಲ ಬಳಿ ಇದ್ದರೆ ಸಾಕು. ಕಳ್ಳ ಬರುವುದೂ ಹೊರಗಿನಿಂದಲೇ.

ನಿದ್ದೆಯಲ್ಲಿ ನಾಯಿಯ ಕಾಲು ಅದುರುವುದು, ಮೀಸೆ ಕುಣಿಯುವುದು, ಬಾಯಿ ಮುಚ್ಚಿಕೊಂಡೇ ಸಣ್ಣಗೆ ಬೊಗಳುವುದು, ರೆಪ್ಪೆಯ ಒಳಗೆ ಕಣ್ಣುಗುಡ್ಡೆ ಓಡಾಡುವುದು ಎಲ್ಲರೂ ಕಂಡದ್ದೇ. ನಾವು ಕನಸು ಕಾಣುವ ಬಗೆಯ ನಿದ್ದೆ ಅದು. ಆಗ ಮಿದುಳು ಚುರುಕಾಗಿದ್ದು, ಮೈಯ ದೊಡ್ಡ ಸ್ನಾಯುಗಳು ಸಡಿಲಗೊಂಡಿರುತ್ತವೆ. ಹಾಗಾಗಿ ಓಡಿದಂತೆ ಕಾಲು ಆಡಿಸಿದರೂ ಎದ್ದು ಓಡುವುದಿಲ್ಲ. ಆ ಹೊತ್ತಿನಲ್ಲಿ ಮುಟ್ಟಿ ಎಬ್ಬಿಸಿದರೆ ಎಂಥ ಸಾಧು ನಾಯಿಯೂ ಬೆಚ್ಚಿ ಕಚ್ಚಬಹುದು. ಸ್ವಲ್ಪ ದೂರದಿಂದ ಹೆಸರು ಹಿಡಿದು ಕರೆಯಿರಿ. ಮಲಗಿದ ನಾಯಿಯ ಮೇಲೆ ಮಕ್ಕಳು ಒರಗದಿರಲಿ.

ಇದನ್ನೇ ಮೂರ್ಛೆ ಎಂದು ತಿಳಿದು ಮೂಗಿಗೆ ಈರುಳ್ಳಿ ಹಿಡಿಯುವವರಿದ್ದಾರೆ. ವ್ಯತ್ಯಾಸ ಸುಲಭ. ಕನಸಿನ ನಾಯಿ ಕರೆದರೆ ಏಳುತ್ತದೆ. ಮೂರ್ಛೆಯಲ್ಲಿ ಮೈ ಸೆಟೆದು ನಿಲ್ಲುತ್ತದೆ, ಕಣ್ಣು ತೆರೆದೇ ಇರುತ್ತದೆ, ನೊರೆ ಬರುತ್ತದೆ, ಇದ್ದಲ್ಲೇ ಮೂತ್ರ ಹೋಗಬಹುದು, ಕರೆದರೆ ಎಚ್ಚರವಾಗುವುದಿಲ್ಲ. ಆಗ ಬಾಯಿಗೆ ಕೈ ಹಾಕದೆ, ನೀರು ಹುಯ್ಯದೆ ಪಶುವೈದ್ಯರಿಗೆ ತಿಳಿಸಿ.

ನಿದ್ದೆಯಿಂದ ಕಲಿಕೆಗೂ ಲಾಭವಿದೆ. ಹಂಗೇರಿ ದೇಶದ ಬುಡಾಪೆಸ್ಟಿನ ಸಂಶೋಧಕರು ನಾಯಿಗಳಿಗೆ ಹೊಸ ಆಜ್ಞೆ ಕಲಿಸಿ, ನೋವಿಲ್ಲದಂತೆ ತಲೆಗೆ ತಂತಿ ಅಂಟಿಸಿ ನಿದ್ದೆಯನ್ನು ದಾಖಲಿಸಿ, 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಿದ್ದೆಗೂ ಕಲಿಕೆಗೂ ಸಂಬಂಧವಿರುವುದನ್ನು ತೋರಿಸಿದ್ದಾರೆ. ಹಗಲು ಗಿಡ್ಡ ಸರಪಳಿಯಲ್ಲಿ ಬಿಸಿಲಿಗೆ ಕಟ್ಟಿ, ರಾತ್ರಿ "ಕಾಯ್ಕೋ" ಎಂದು ಬಿಟ್ಟರೆ ಆ ನಾಯಿ ಸಿಡುಕಾಗುತ್ತದೆಯೇ ಹೊರತು ಜಾಣ ಆಗುವುದಿಲ್ಲ. ರಾತ್ರಿ ಕಾಯುವ ನಾಯಿಗೆ ಹಗಲು ನೆರಳಿನಲ್ಲಿ, ಗದ್ದಲವಿಲ್ಲದ ಕಡೆ ಮಲಗಲು ಬಿಡಿ.

ಮಲಗುವ ಭಂಗಿ, ಹಾಸಿಗೆ

ಚಳಿಗಾಲದಲ್ಲಿ ನಾಯಿ ಮೂಗನ್ನು ಬಾಲದೊಳಗೆ ಸೇರಿಸಿ ಚಕ್ಕುಲಿಯಂತೆ ಸುತ್ತಿಕೊಳ್ಳುವುದು ಮೈಬಿಸಿ ಉಳಿಸಿಕೊಳ್ಳಲು. ಬೇಸಿಗೆಯಲ್ಲಿ ಹೊಟ್ಟೆಯನ್ನು ತಣ್ಣನೆಯ ನೆಲಕ್ಕೆ ಒತ್ತಿ ಕಾಲು ಚಾಚುವುದು ಬಿಸಿ ಕಳೆಯಲು. ನಮ್ಮಂತೆ ಮೈಯೆಲ್ಲಾ ಬೆವರುವ ಅನುಕೂಲ ನಾಯಿಗಿಲ್ಲ. ನಾಲಿಗೆ ಚಾಚಿ ತೇಕುವುದೇ ಅದರ ಮುಖ್ಯ ಉಪಾಯ. ಮಲಗುವ ಮೊದಲು ಎರಡು ಮೂರು ಸುತ್ತು ತಿರುಗಿ ನೆಲ ಕೆದಕುವುದು ಅದರ ಹುಟ್ಟುಗುಣ, ಅದಕ್ಕೆ ಬೈಯುವುದು ಬೇಡ.

ಒಂದು ಮಣೆ ಅಥವಾ ಹಳೆಯ ಹಲಗೆಯನ್ನು ನೆಲದಿಂದ ನಾಲ್ಕು ಬೆರಳು ಎತ್ತರಿಸಿ ಅದರ ಮೇಲೆ ಗೋಣಿಚೀಲ ಹಾಸಿದರೆ ಬೇರೆ ಹಾಸಿಗೆ ಬೇಕಿಲ್ಲ. ನಮ್ಮ ರಾಜ್ಯದ ಹೆಮ್ಮೆಯಾದ, 2005ರಲ್ಲಿ ಅಂಚೆಚೀಟಿಯ ಮೇಲೂ ಬಂದ ಮುಧೋಳ ನಾಯಿಯಂಥ ತೆಳುಮೈಯ ತಳಿಗೆ ಇದು ಇನ್ನೂ ಅಗತ್ಯ. ಬರಿ ಸಿಮೆಂಟಿನ ಮೇಲೆ ಮಲಗಿ ಮೊಣಕೈ ಗಂಟಿನಲ್ಲಿ ಚರ್ಮ ದಡ್ಡುಗಟ್ಟಿ ಹುಣ್ಣಾಗುವುದನ್ನು ತಪ್ಪಿಸಬಹುದು.

ಆ ಗೋಣಿಚೀಲವನ್ನು ವಾರಕ್ಕೊಮ್ಮೆ ಕೊಡವಿ ಬಿಸಿಲಿಗೆ ಹಾಕಿ. ನಾಯಿಯ ಉಣ್ಣೆ (ಕೆಲವು ಕಡೆ ಉಣುಗು ಎನ್ನುತ್ತಾರೆ) ಬದುಕಿನ ಹೆಚ್ಚಿನ ಭಾಗವನ್ನು ಕಳೆಯುವುದು ನಾಯಿಯ ಮೈಮೇಲಲ್ಲ, ಅದು ಮಲಗುವ ಜಾಗದ ಗೋಡೆ ಬಿರುಕುಗಳಲ್ಲಿ. ಮೊಟ್ಟೆ ಇಡುವುದೂ ಅಲ್ಲೇ. ಮೈಗೆ ಮಾತ್ರ ಔಷಧಿ ಹಚ್ಚಿ ಗೋಡೆಗೆ ಸುಣ್ಣ ಬಳಿಯದಿದ್ದರೆ ಹದಿನೈದು ದಿನದಲ್ಲಿ ಮತ್ತೆ ಅದೇ ಕಥೆ. ಹಸುವಿನ ಉಣ್ಣೆಗೆಂದು ತಂದ ಔಷಧಿಯನ್ನು ಅದೇ ಅಳತೆಯಲ್ಲಿ ನಾಯಿಗೆ ಸುರಿಯುವುದು ಅಪಾಯ. ಪ್ರಮಾಣವನ್ನು ಪಶುವೈದ್ಯರಿಂದ ಕೇಳಿ ತಿಳಿಯಿರಿ.

ಗೋದಲಿಯಲ್ಲಿ ನಾಯಿ

ಈಗ ನಿಮ್ಮ ಹಸುವಿಗೆ ನೇರವಾಗಿ ತಟ್ಟುವ ವಿಷಯ. ಹುಲ್ಲು ತುಂಬಿದ ಗೋದಲಿ ಬೆಚ್ಚಗಿರುತ್ತದೆ, ಮೆತ್ತಗಿರುತ್ತದೆ. ಹುಲ್ಲಿನ ಮೆದೆ, ಹಿಂಡಿ ಮೂಟೆ ಇಡುವ ಕೋಣೆಯೂ ಹಾಗೆಯೇ. ನಾಯಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇರೆ ಉಂಟೆ? ತಾನೂ ತಿನ್ನದೆ ಹಸುವಿಗೂ ಬಿಡದ ಗೋದಲಿ ನಾಯಿಯ ಕಥೆಯನ್ನು ಶಾಲೆಯಲ್ಲಿ ಓದಿದ್ದೇವೆ. ನಿಜವಾದ ತೊಂದರೆ ಕಥೆಯಲ್ಲಿ ಹೇಳಿದ್ದಕ್ಕಿಂತ ದೊಡ್ಡದು.

ನಿಯೋಸ್ಪೋರಾ ಎಂಬ ಬರಿಗಣ್ಣಿಗೆ ಕಾಣದ ಪರೋಪಜೀವಿಯೊಂದಿದೆ. ಇದನ್ನು 1984ರಲ್ಲಿ ನಾರ್ವೆ ದೇಶದ ನಾಯಿಗಳಲ್ಲಿ ಮೊದಲು ಗುರುತಿಸಲಾಯಿತು. ನಾಯಿಯ ಮಲದಲ್ಲಿ ಇದರ ತತ್ತಿಗಳು ಹೊರಬೀಳುತ್ತವೆ ಎಂಬುದು 1998ರಲ್ಲಿ ಖಚಿತವಾಯಿತು. ಆ ಮಲ ತಾಗಿದ ಮೇವನ್ನು ಗಬ್ಬದ ಹಸು ತಿಂದರೆ ಗರ್ಭಕ್ಕೆ ಸೋಂಕು ತಗುಲಿ ಕಂದು ಹಾಕಬಹುದು. ಹೆಚ್ಚಾಗಿ ಇದು ಐದು ಆರು ತಿಂಗಳ ಗಬ್ಬದಲ್ಲಿ ಆಗುತ್ತದೆ. ಹಸು ನೋಡಲು ಆರೋಗ್ಯವಾಗಿಯೇ ಇರುತ್ತದೆ, ಜ್ವರವಿಲ್ಲ, ಮೇವು ಬಿಡುವುದಿಲ್ಲ. ಒಮ್ಮೆ ಸೋಂಕು ತಗುಲಿದ ಹಸು ಮುಂದಿನ ಗಬ್ಬದಲ್ಲೂ ಅದನ್ನು ಹೊಟ್ಟೆಯ ಕರುವಿಗೆ ದಾಟಿಸಬಹುದು. ಇದಕ್ಕೆ ಹಸುವಿಗೆ ಕೊಡುವ ನಂಬಿಕೆಯ ಔಷಧಿಯಿಲ್ಲ. ತಡೆಯುವುದೊಂದೇ ದಾರಿ.

ನಾಯಿಗೆ ಇದು ಎಲ್ಲಿಂದ ಬರುತ್ತದೆ? ನಮ್ಮಿಂದಲೇ. ಹಸು ಕರು ಹಾಕಿದ ಮೇಲೆ ಬೀಳುವ ಮಾಸನ್ನು, ಅಂದರೆ ಸತ್ತೆಯನ್ನು, ತಿಪ್ಪೆಗೆ ಎಸೆಯುತ್ತೇವೆ. ಕಂದು ಹಾಕಿದ ಕರುವನ್ನೂ ಅಲ್ಲೇ ಎಸೆಯುವವರಿದ್ದಾರೆ. ನಾಯಿ ಅದನ್ನು ತಿಂದು, ಬಂದು ಗೋದಲಿಯಲ್ಲಿ ಮಲಗುತ್ತದೆ. ಚಕ್ರ ಪೂರ್ತಿಯಾಯಿತು. ಕಂದು ರೋಗವೆಂದೇ ಹೆಸರಾದ ಬ್ರುಸೆಲ್ಲೋಸಿಸ್ ಹರಡುವುದಕ್ಕೂ ಹೀಗೆ ಎಳೆದಾಡಿದ ಸತ್ತೆ ಕಾರಣವಾಗುತ್ತದೆ, ಮತ್ತು ಆ ರೋಗ ಮನುಷ್ಯರಿಗೂ ತಗುಲುತ್ತದೆ. ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳ ವಯಸ್ಸಿನಲ್ಲಿ ಇದರ ಲಸಿಕೆ ಹಾಕಿಸುವುದನ್ನು ಮರೆಯಬೇಡಿ.

ಮಾಡಬೇಕಾದ್ದು ಇಷ್ಟೇ. ಸತ್ತೆಯನ್ನೂ ಕಂದನ್ನೂ ಬರಿಗೈಯಲ್ಲಿ ಮುಟ್ಟದೆ, ನಾಯಿ ಕೆದಕಲಾಗದಷ್ಟು ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ. ಮೇವಿನ ಕೋಣೆಗೆ ಬಾಗಿಲು ಅಥವಾ ತಡಿಕೆ ಇರಲಿ. ಗೋದಲಿಯಿಂದ ನಾಯಿಯನ್ನು ಓಡಿಸಿದರಷ್ಟೇ ಸಾಲದು, ಅದಕ್ಕೆ ಬೇರೆ ಬೆಚ್ಚಗಿನ ಜಾಗ ಕೊಡಬೇಕು, ಇಲ್ಲದಿದ್ದರೆ ನೀವು ಮಲಗಿದ ಮೇಲೆ ಅದು ಮತ್ತೆ ಅಲ್ಲಿಗೇ ಹೋಗುತ್ತದೆ. ಮೂರು ತಿಂಗಳಿಗೊಮ್ಮೆ ಜಂತುಹುಳುವಿನ ಔಷಧಿ ಕೊಡಿಸಿ. ನಿಯೋಸ್ಪೋರಾಕ್ಕೆ ಅದು ಮದ್ದಲ್ಲ, ಆದರೆ ನಾಯಿಯಿಂದ ಹರಡುವ ಬೇರೆ ಹುಳುಗಳಿಗೆ ತಡೆ.

ನಿದ್ದೆ ಬದಲಾದರೆ

ಪ್ರತಿ ನಾಯಿಗೂ ತನ್ನದೇ ಆದ ಜಾಗ, ತನ್ನದೇ ಆದ ಹೊತ್ತು ಇರುತ್ತದೆ. ಇದನ್ನು ಆರೋಗ್ಯವಾಗಿದ್ದಾಗಲೇ ಗಮನಿಸಿಟ್ಟುಕೊಳ್ಳಬೇಕು. ಹಾಲಿನ ಪಾಸ್‌ಬುಕ್ಕಿನಲ್ಲಿ ದಿನದ ಲೀಟರು ಗೊತ್ತಿದ್ದರೆ ತಾನೇ ಅರ್ಧ ಲೀಟರು ಇಳಿದದ್ದು ತಿಳಿಯುವುದು?

ಸದಾ ಮಲಗಿರುವ, ಎದ್ದರೂ ಮಂಕಾಗಿರುವ, ಜ್ವರವಿರುವ, ಕೆಲವೊಮ್ಮೆ ಮೂಗಿನಿಂದ ರಕ್ತ ಬರುವ ನಾಯಿಗೆ ಉಣ್ಣೆ ಜ್ವರವಿರಬಹುದು. ಬೆಂಗಳೂರಿನ ಸುತ್ತಮುತ್ತ ಇದು ಸಾಮಾನ್ಯ. ಬೇಗ ತೋರಿಸಿದರೆ ವಾಸಿಯಾಗುತ್ತದೆ. ಮರಿ ಆಟ ಬಿಟ್ಟು ಮಲಗಿ, ವಾಂತಿ ಮಾಡಿ, ರಕ್ತಭೇದಿಯಾದರೆ ಒಂದು ರಾತ್ರಿಯೂ ಕಾಯಬೇಡಿ. ವಯಸ್ಸಾದ ನಾಯಿ ಏಳುವಾಗ ಹಿಂಗಾಲು ಎಳೆದರೆ ಕೀಲು ನೋವು. ಮುದಿ ನಾಯಿ ಹಗಲೆಲ್ಲಾ ಮಲಗಿ ರಾತ್ರಿ ಗುರಿಯಿಲ್ಲದೆ ತಿರುಗಿದರೆ ಅದು ಮುಪ್ಪಿನ ಮರೆವು. ಇವಕ್ಕೆಲ್ಲ ನಮ್ಮ ಮೈಕೈ ನೋವಿನ ಮಾತ್ರೆಯನ್ನು ಕೊಡಬೇಡಿ, ಅವುಗಳಲ್ಲಿ ಕೆಲವು ನಾಯಿಗೆ ವಿಷ.

ಆದರೆ ಒಂದು ಬದಲಾವಣೆಯನ್ನು ಮಾತ್ರ ಯಾವ ಕಾರಣಕ್ಕೂ ಲಘುವಾಗಿ ತೆಗೆದುಕೊಳ್ಳಬಾರದು. ಅದನ್ನು ಹೇಳಲು ನಾನು ಸೇವೆಯಲ್ಲಿದ್ದಾಗಿನ ಒಂದು ಪ್ರಸಂಗವನ್ನು ನೆನೆಯುತ್ತೇನೆ.

ಕನಕಪುರ ರಸ್ತೆಯ ಒಳಗಿನ ಒಂದು ಊರು. ನಾಲ್ಕು ಹಸುಗಳ ಮನೆ. ಅವರ ನಾಯಿ ಕರಿಯ ಜಗಲಿಯ ಮೇಲೆ ರಸ್ತೆಗೆ ಮುಖ ಮಾಡಿ ಮಲಗುವುದು ಊರಿಗೆಲ್ಲಾ ಗೊತ್ತು. ಹಸುವೊಂದಕ್ಕೆ ಕೃತಕ ಗರ್ಭಧಾರಣೆ ಮಾಡಲು ಹೋಗಿದ್ದಾಗ ಮನೆಯ ಅಮ್ಮ ಹೇಳಿದರು: "ಡಾಕ್ಟ್ರೇ, ಕರಿಯ ಎರಡು ದಿನದಿಂದ ಜಾಗ ಬದಲಾಯ್ಸೈತೆ. ಮೇವು ಕತ್ತರಿಸೋ ಮಿಷಿನ್ ಹಿಂದೆ ಕತ್ತಲಲ್ಲಿ ಮಲಗ್ತದೆ. ಕ್ಯಾನ್ ಸದ್ದಿಗೂ ಏಳಲ್ಲ." ಯಜಮಾನರು ನಕ್ಕು, "ಬಿಸಿಲು ಜಾಸ್ತಿ, ತಂಪಿಗೆ ಸೇರ್ಕೊಂಡಿದೆ ಬಿಡಿ" ಎಂದರು. ನಾನೂ ಹೌದೆಂದು ಬಂದುಬಿಟ್ಟೆ. ಆ ತಪ್ಪು ನನ್ನದು. ಮೂರನೆಯ ದಿನ ಚೆಂಡು ತೆಗೆಯಲು ಹೋದ ಮೊಮ್ಮಗನ ಕೈಗೆ ಕರಿಯ ಬಾಯಿ ಹಾಕಿತು. ಮರುದಿನ ಕೆಳದವಡೆ ಜೋತು, ಜೊಲ್ಲು ಸುರಿಯತೊಡಗಿತು. ಗಂಟಲಲ್ಲಿ ಮೂಳೆ ಸಿಕ್ಕಿದೆಯೆಂದು ಯಜಮಾನರು ಬಾಯೊಳಗೆ ಕೈ ಹಾಕಿ ನೋಡಿದರು. ಅದಾದ ಎರಡು ದಿನಕ್ಕೆ ನಾಯಿ ಸತ್ತಿತು. ಮಿದುಳಿನ ಪರೀಕ್ಷೆಯಲ್ಲಿ ರೇಬಿಸ್ ಎಂದು ಬಂತು.

ಹುಚ್ಚುನಾಯಿ ಎಂದರೆ ಬೀದಿಯಲ್ಲಿ ಓಡಾಡಿ ಸಿಕ್ಕಿದವರನ್ನು ಕಚ್ಚುವ ನಾಯಿ ಎಂದೇ ನಾವು ತಿಳಿದಿದ್ದೇವೆ. ಅದು ಒಂದು ಬಗೆ ಮಾತ್ರ. ಇನ್ನೊಂದು ಮಂಕು ಬಗೆ. ಅದರಲ್ಲಿ ನಾಯಿ ಯಾರ ತಂಟೆಗೂ ಬಾರದೆ ಕತ್ತಲೆ ಮೂಲೆ ಸೇರಿ ತೂಕಡಿಸುತ್ತದೆ, ಕರೆದರೆ ಬರುವುದಿಲ್ಲ, ಅನ್ನ ನೀರು ಬಿಡುತ್ತದೆ, ಬೊಗಳುವ ದನಿ ಒಡೆಯುತ್ತದೆ, ದವಡೆ ಜೋಲುತ್ತದೆ, ಕಾಲು ಸೋಲುತ್ತದೆ. ರೋಗ ಕಾಣಿಸಿಕೊಂಡ ಮೇಲೆ ಹತ್ತು ದಿನದೊಳಗೆ ಸಾಯುತ್ತದೆ. ಲಕ್ಷಣ ಕಾಣುವುದಕ್ಕೆ ಕೆಲವು ದಿನ ಮೊದಲೇ ಜೊಲ್ಲಿನಲ್ಲಿ ರೋಗಾಣು ಇರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 59,000 ಜನ ಈ ರೋಗದಿಂದ ಸಾಯುತ್ತಾರೆ. ಕರ್ನಾಟಕದಲ್ಲಿ ಮನುಷ್ಯರ ರೇಬಿಸನ್ನು 2022ರ ಡಿಸೆಂಬರಿನಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಲಾಯಿತು.

ಕತ್ತಲೆ ಸೇರಿದ ನಾಯಿಗೆಲ್ಲ ರೇಬಿಸ್ ಎಂದಲ್ಲ. ಹೆರಿಗೆಯ ಹೊತ್ತಿನ ಹೆಣ್ಣು ನಾಯಿಯೂ, ಪೆಟ್ಟು ತಿಂದ ನಾಯಿಯೂ, ದೀಪಾವಳಿಯ ಪಟಾಕಿಗೆ ಹೆದರಿದ ನಾಯಿಯೂ ಮೂಲೆ ಹುಡುಕುತ್ತವೆ. ಕಾರಣ ಗೊತ್ತಿಲ್ಲದಿದ್ದರೆ ಮಾತ್ರ ಮುಟ್ಟದೆ, ಬಾಯಿಗೆ ಕೈ ಹಾಕದೆ, ಆ ಕೋಣೆಯ ಬಾಗಿಲು ಮುಚ್ಚಿ ಪಶುವೈದ್ಯರನ್ನು ಕರೆಯಿರಿ. ಪಶು ಚಿಕಿತ್ಸೆಯ ಸಹಾಯವಾಣಿ 1962. ಮಕ್ಕಳನ್ನೂ ರಾಸುಗಳನ್ನೂ ದೂರವಿಡಿ.

ಕಚ್ಚಿದರೆ, ಪರಚಿದರೆ, ಗಾಯಕ್ಕೆ ಜೊಲ್ಲು ತಾಗಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಮೆಣಸಿನಪುಡಿ ಯಾವುದೂ ಬೇಡ. ಅದೇ ದಿನ ಆಸ್ಪತ್ರೆಗೆ ಹೋಗಿ. ಹೊಕ್ಕುಳ ಸುತ್ತ 14 ಚುಚ್ಚುಮದ್ದು ಎಂಬ ಹೆದರಿಕೆ ಹಳೆಯದು. ಆ ಲಸಿಕೆಯನ್ನು ನಮ್ಮ ದೇಶದಲ್ಲಿ 2004ರ ಹೊತ್ತಿಗೇ ನಿಲ್ಲಿಸಲಾಯಿತು. ಈಗ ತೋಳಿಗೆ ಕೊಡುತ್ತಾರೆ. ಮೊದಲ ದಿನವನ್ನು 0 ಎಂದು ಎಣಿಸಿ, ಚರ್ಮದೊಳಗೆ ಕೊಡುವುದಾದರೆ 0, 3, 7, 28ನೆಯ ದಿನಗಳಂದು. ಸ್ನಾಯುವಿಗಾದರೆ 14ನೆಯ ದಿನವೂ ಸೇರಿ ಐದು ಸಾರಿ. ರಕ್ತ ಬಂದ ಗಾಯಕ್ಕೆ ಇದರ ಜೊತೆಗೆ ಗಾಯದ ಸುತ್ತ ಕೊಡುವ ಇನ್ನೊಂದು ಔಷಧಿ, ಇಮ್ಯುನೊಗ್ಲೋಬ್ಯುಲಿನ್, ಬೇಕಾಗುತ್ತದೆ; ಕೇಳಿ ಹಾಕಿಸಿಕೊಳ್ಳಿ. ಮೂರನೆಯದಕ್ಕೇ ನಿಲ್ಲಿಸಿಬಿಡುವವರನ್ನು ನೋಡಿದ್ದೇನೆ, ಹಾಗೆ ಮಾಡಬೇಡಿ. ಕಚ್ಚಿದ ನಾಯಿ ಹತ್ತು ದಿನ ಚೆನ್ನಾಗಿದ್ದರೆ ಕಚ್ಚಿದಾಗ ಜೊಲ್ಲಿನಲ್ಲಿ ರೋಗಾಣು ಇರಲಿಲ್ಲವೆಂದು ಅರ್ಥ, ಆದರೆ ಆ ಹತ್ತು ದಿನ ಲಸಿಕೆ ಶುರು ಮಾಡದೆ ಕಾಯುತ್ತಾ ಕೂರಬಾರದು. ಡೇರಿ ವೃತ್ತದಿಂದ ಸ್ವಲ್ಪ ದೂರದಲ್ಲೇ ಇರುವ ನಿಮ್ಹಾನ್ಸ್ ಸಂಸ್ಥೆ ರೇಬಿಸ್ ಪರೀಕ್ಷೆ, ಸಂಶೋಧನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗಿ ಕೇಂದ್ರ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಪ್ರಾಣಿಗಳ ರೇಬಿಸ್ ಪತ್ತೆಯ ಪ್ರಯೋಗಾಲಯವಿದೆ. ಇಷ್ಟು ಹತ್ತಿರ ಇಷ್ಟು ಅನುಕೂಲವಿರುವ ಜಿಲ್ಲೆಗಳು ದೇಶದಲ್ಲಿ ಹೆಚ್ಚಿಲ್ಲ.

ಹಸುವಿಗೆ ನಾಯಿ ಕಚ್ಚಿದರೂ ಇದೇ ಕ್ರಮ: ತೊಳೆಯುವುದು, ಪಶುವೈದ್ಯರಿಂದ ಸಾಲಾಗಿ ಲಸಿಕೆ ಹಾಕಿಸುವುದು. ರೋಗ ಬಂದ ಹಸು ವಿಕಾರವಾಗಿ ಕೂಗುತ್ತದೆ, ಜೊಲ್ಲು ಸುರಿಸುತ್ತದೆ, ತಿಣುಕುತ್ತದೆ, ನುಂಗಲಾರದೆ ಒದ್ದಾಡುತ್ತದೆ. ಆಲೂಗೆಡ್ಡೆಯೋ ಗೆಣಸೋ ಸಿಕ್ಕಿಕೊಂಡಿದೆಯೆಂದು ಅದರ ಗಂಟಲಿಗೂ ಕೈ ಹಾಕುತ್ತಾರೆ. ಬೇಡ. ಅಂಥ ಹಸುವಿನ ಹಾಲನ್ನು ಕುಡಿಯಲೂಬಾರದು, ಸಂಘಕ್ಕೆ ಹಾಕಲೂಬಾರದು. ಮೊದಲೇ ಕುಡಿದಿದ್ದರೆ ಗಾಬರಿಯಾಗದೆ ವೈದ್ಯರಿಗೆ ತಿಳಿಸಿ. ಕಾಯಿಸಿದ ಹಾಲಿನಲ್ಲಿ ಈ ರೋಗಾಣು ಉಳಿಯುವುದಿಲ್ಲ. ಹಸಿ ಹಾಲು ಕುಡಿಯುವ ಅಭ್ಯಾಸವಿರುವವರು ಅದನ್ನು ಬಿಡಲು ಇದೂ ಒಂದು ಕಾರಣ.

ಮರಿಗೆ ಮೂರು ತಿಂಗಳು ತುಂಬಿದಾಗ ರೇಬಿಸ್ ಲಸಿಕೆ, ಒಂದು ತಿಂಗಳ ನಂತರ ಇನ್ನೊಂದು, ಆಮೇಲೆ ವರ್ಷಕ್ಕೊಂದು. ದಿನ ಮರೆತುಹೋಗುವವರು ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನವನ್ನೇ ಗುರುತಿಟ್ಟುಕೊಳ್ಳಬಹುದು; ಆ ಸುಮಾರಿಗೆ ಪಶು ಆಸ್ಪತ್ರೆಗಳಲ್ಲಿ ಲಸಿಕೆ ಶಿಬಿರ ನಡೆಯುವುದು ರೂಢಿ.

ಕರಿಯನ ಮನೆಯ ಮೊಮ್ಮಗನಿಗೂ ಯಜಮಾನರಿಗೂ ಎಲ್ಲ ಚುಚ್ಚುಮದ್ದುಗಳೂ ಆದವು, ಇಬ್ಬರೂ ಉಳಿದರು. ಕಚ್ಚಿದ ಗುರುತಿದ್ದ ಎರಡು ಹಸುಗಳಿಗೆ ಲಸಿಕೆ ಹಾಕಿದೆವು, ಅವೂ ಉಳಿದವು. ಗುರುತಿಲ್ಲವೆಂದು ಬಿಟ್ಟ ಮೂರನೆಯದು, ಎರಡನೆಯ ಸೂಲಿನ ಮಿಶ್ರತಳಿ, ಎರಡು ತಿಂಗಳ ನಂತರ ಒಂದು ಬೆಳಿಗ್ಗೆ ಹಾಲು ಇಳಿಸಿತು. ಸಂಜೆಗೆ ಕೂಗಲು ಶುರು ಮಾಡಿತು. ಈಗ ಆ ಮನೆಯಲ್ಲಿ ಬೇರೆ ನಾಯಿಯಿದೆ, ಜಗಲಿಯ ಅದೇ ಜಾಗದಲ್ಲಿ ಮಲಗುತ್ತದೆ. ಅಮ್ಮ ಬೆಳಿಗ್ಗೆ ಕ್ಯಾನ್ ಎತ್ತುವ ಮೊದಲು ಅದರ ಹೆಸರು ಕೂಗಿ, ಅದು ತಲೆ ಎತ್ತಿದ ಮೇಲೆಯೇ ಕೊಟ್ಟಿಗೆಗೆ ಹೋಗುತ್ತಾರೆ.